ಲಲಿತಾಬಾಯಿಯ ಅಡುಗೆ ಕಟ್ಟೆ

ಶಹಾಬಾದಿನಲ್ಲಿ ನೆಲಕ್ಕೂ ಕಟ್ಟೆಗೂ ಹಾಸುವ ಪರ್ಸಿ ಕಲ್ಲು ಮಾರುವವನೊಬ್ಬ ತನ್ನ ಕಲ್ಲನ್ನು ತಾನೇ ಹಳಿದದ್ದು ಅದೇ ಮೊದಲು. ಧರ್ಮಣ್ಣ ಎಂಥವನೆಂದರೆ, ನಟ್ಟನಡುವೆ ಸೀಳು ಬಿಟ್ಟ ಕಲ್ಲನ್ನೂ "ಇದು ಸೀಳಲ್ರಿ, ಡಿಜೈನು" ಎಂದು ಹೇಳಿ ಗಿರಾಕಿಯ ಟ್ರ್ಯಾಕ್ಟರಿಗೆ ಹೇರಿಸಿ ಕಳಿಸುತ್ತಿದ್ದ ಮನುಷ್ಯ. ಅಂಥವನು ವಾಡಿಯಿಂದ ಬಂದ ಲಲಿತಾಬಾಯಿಯ ಮುಂದೆ ಮಾತ್ರ ಒಂದೊಂದೇ ಕಲ್ಲಿಗೆ ನೀರು ಚೆಲ್ಲಿ, ಬೆರಳಿನಿಂದ ಬಡಿದು, ಮುಖ ಹಿಂಡಿ ನಿಲ್ಲುತ್ತಿದ್ದ.

"ಇದು ಬ್ಯಾಡ್ರಿ. ಟೊಳ್ಳು ಸಪ್ಪಳ ಬರ್ಲಿಕತ್ತದ."

"ಅದು?"

"ಅದರ ಬಣ್ಣ ಒಂದ ಮಳಿಗಾಲಕ್ಕ ಹೋಗ್ತದ್ರಿ."

"ಮತ್ತ ಆ ಗ್ವಾಡಿಗಿ ನಿಲ್ಲಿಸಿದ್ದು? ಎಷ್ಟು ಚಂದ ಅದ!"

"ಚಂದ ಅದ್ರಿ. ಅದಕ್ಕೇ ನಂಬಬಾರದು. ಮುಂದಿನ ವಾರ ಬರ್ರಿ, ಹೊಸ ಖಣಿ ಮಾಲು ಬರ್ತದ."

ಪಾಲಿಶ್ ಮಷಿನ್ನಿನ ಹತ್ತಿರ ತಲೆಯಿಂದ ಕಾಲಿನವರೆಗೆ ಕಲ್ಲಿನ ಪುಡಿ ಮೆತ್ತಿಕೊಂಡು ನಿಂತಿದ್ದ ಹಾಜಿಮಲಂಗ್ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದ. ಧರ್ಮಣ್ಣನ ಜೊತೆಗೇ ಮೀಸೆ ಬಂದು, ಜೊತೆಗೇ ಮೀಸೆ ನರೆತ ಗೆಳೆಯ ಅವನು. ಅವನಿಗೆ ಗೊತ್ತಿಲ್ಲದ್ದು ಏನಿದೆ? ಲಲಿತಾಬಾಯಿ ಕಲ್ಲು ಒಯ್ದರೆ ಕಟ್ಟೆ ಆಗುತ್ತದೆ, ಕಟ್ಟೆ ಆದರೆ ಆಕೆ ಮತ್ತೆ ಬರುವುದಿಲ್ಲ. ಇಷ್ಟೇ ಕಥೆ.

ಧರ್ಮಣ್ಣನ ಹೆಂಡತಿ ಅನಸುಬಾಯಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಹೆಂಡತಿ ಸತ್ತ ಗಂಡಸಿಗೆ ಬುದ್ಧಿ ಹೇಳುವವರಿಗೆ ನಮ್ಮ ಕಡೆ ಬರವಿಲ್ಲ. ಒಬ್ಬರು ಮರೆತುಬಿಡು ಅನ್ನುತ್ತಾರೆ, ಇನ್ನೊಬ್ಬರು ಮರೆಯಬೇಡ ಅನ್ನುತ್ತಾರೆ. ಇಬ್ಬರೂ ಚಹಾ ಕುಡಿದು ಎದ್ದು ಹೋಗುತ್ತಾರೆ. ಆಮೇಲೆ ಬರಿದಾದ ಲೋಟ ತೊಳೆಯಬೇಕಾದವನು ಇವನೇ. ಧರ್ಮಣ್ಣ ಎರಡು ಹೊತ್ತೂ ಖಾನಾವಳಿಯಲ್ಲಿ ಉಣ್ಣುತ್ತಿದ್ದ. ಮನೆಯಲ್ಲಿ ಒಲೆ ಹೊತ್ತಿಸುತ್ತಿರಲಿಲ್ಲ. ಆದರೂ ದಿನಾ ಬೆಳಿಗ್ಗೆ ಅಡುಗೆ ಕಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರೆಸದೆ ಹೊರಗೆ ಬೀಳುತ್ತಿರಲಿಲ್ಲ.

ಆ ಕಟ್ಟೆಯನ್ನು ಅವನು ಮದುವೆಯಾದ ಹೊಸತರಲ್ಲಿ ತನ್ನ ಕೈಯಾರೆ ಕಟ್ಟಿದ್ದ. ಕಟ್ಟೆಯ ಎತ್ತರಕ್ಕೆ ಅವನು ಟೇಪು ಹಿಡಿದವನಲ್ಲ. ಮನೆಯ ಹೆಂಗಸನ್ನು ಗೋಡೆಗೆ ನಿಲ್ಲಿಸುವುದು, ಮೊಣಕೈ ಮಡಚಲು ಹೇಳುವುದು, ಅದಕ್ಕಿಂತ ಒಂದು ಗೇಣು ಕೆಳಗೆ ಸೀಮೆಸುಣ್ಣದಿಂದ ಗೆರೆ ಎಳೆಯುವುದು. ಶಹಾಬಾದಿನಲ್ಲಿ ಅರ್ಧಕ್ಕರ್ಧ ಹೆಂಗಸರ ಬೆನ್ನು ನೆಟ್ಟಗಿರುವುದು ತನ್ನಿಂದಲೇ ಎಂದು ಅವನು ಕೊಚ್ಚಿಕೊಳ್ಳುತ್ತಿದ್ದ. ಅನಸುಬಾಯಿ ಗಿಡ್ಡಗಿನ ಹೆಂಗಸು. ಆಕೆಯ ಗೆರೆ ಸರಿಯಾಗಿ ಅವನ ಅಂಗಿಯ ಕಡೆಯ ಗುಂಡಿಗೆ ಬಂದಿತ್ತು. ಆಮೇಲೆ ಆಕೆಗೆ ಬಟ್ಟೆ ಒಗೆಯುವ ಕಲ್ಲು, ಹಿತ್ತಲಿನ ಕಟ್ಟೆ, ಏನೇ ಕಟ್ಟಿದರೂ ಆಕೆಯನ್ನು ಕರೆಯುವ ಅಗತ್ಯವೇ ಬೀಳಲಿಲ್ಲ. ಕಡೆಯ ಗುಂಡಿ ಮುಟ್ಟಿ ನೋಡಿಕೊಂಡರೆ ಮುಗಿಯಿತು.

ಇನ್ನು ಲಲಿತಾಬಾಯಿ. ವಾಡಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕೆಲಸ. ಎತ್ತರದ ಹೆಂಗಸು, ಧರ್ಮಣ್ಣನಿಗಿಂತ ತುಸು ಹೆಚ್ಚೇ. ಗಂಡ ಶಾಲೆಯ ಮಾಸ್ತರ. ಮನೆ ಕಟ್ಟುತ್ತಾ ಕಟ್ಟುತ್ತಾ ಅರ್ಧಕ್ಕೇ ಬಿಟ್ಟು ತೀರಿಕೊಂಡಿದ್ದರು. ಅಡುಗೆಮನೆಗೆ ಗೋಡೆ ಇತ್ತು, ಕಟ್ಟೆ ಇರಲಿಲ್ಲ. ಲಲಿತಾಬಾಯಿ ಅದರ ಬಾಗಿಲಿಗೆ ಚಿಲಕ ಹಾಕಿ, ಹಜಾರದ ಮೂಲೆಯಲ್ಲಿ ನೆಲದ ಮೇಲೆ ಗ್ಯಾಸ್ ಇಟ್ಟುಕೊಂಡು ಇಷ್ಟು ವರ್ಷ ಕುಕ್ಕುರುಗಾಲಿನಲ್ಲಿ ಅಡುಗೆ ಮಾಡಿಕೊಂಡಿದ್ದಳು. ಒಬ್ಬಳಿಗೆ ಇಷ್ಟು ಸಾಕು ಅಂತ. ಈ ವರ್ಷ ಅದೇನು ಅನ್ನಿಸಿತೋ, ಚಿಲಕ ತೆಗೆದು ಜೇಡರಬಲೆ ಹೊಡೆದು, ಪ್ಯಾಸೆಂಜರ್ ಹತ್ತಿ ಶಹಾಬಾದಿಗೆ ಬಂದಿದ್ದಳು.

ಬಂದವಳು ಕಲ್ಲಿನ ಅಂಗಡಿಯ ಗೋಡೆಯ ಮೇಲಿದ್ದ ಬುದ್ಧ, ಬಾಬಾಸಾಹೇಬರ ಫೋಟೊ ನೋಡಿ "ಜೈ ಭೀಮ್ ರಿ" ಅಂದಳು. ಧರ್ಮಣ್ಣನೂ "ಜೈ ಭೀಮ್" ಅಂದ. ಅಷ್ಟರಲ್ಲೇ ಅವನಿಗೆ ಕಲ್ಲಿನ ದರ ಮರೆತುಹೋಗಿತ್ತು.

ಕಲ್ಲು ಕೊಡದೆ ಹೋದರೂ ಅಳತೆ ನೋಡುವ ನೆಪದಲ್ಲಿ ಅವನು ವಾಡಿಗೆ ಹೋಗಿಬರುತ್ತಿದ್ದ. ಗೋಡೆ ಬೆಳೆಯುತ್ತದೆಯೇನು, ಸಲ ಸಲಕ್ಕೂ ಅಳೆಯಲಿಕ್ಕೆ? ಆದರೂ ಅಳೆದ. ಹೋದಾಗಲೆಲ್ಲ ಲಲಿತಾಬಾಯಿ ಚಹಾ ಕೊಡುತ್ತಿದ್ದಳು. ಒಳ್ಳೆ ಕುದಿಸಿದ, ಶುಂಠಿ ಜಜ್ಜಿ ಹಾಕಿದ ಚಹಾ. ಒಂದು ಚಿಟಿಕೆ ಸಕ್ಕರೆಯೂ ಇರುತ್ತಿರಲಿಲ್ಲ.

ಮೊದಲ ಸಲ ಮರೆತಿರಬೇಕು ಅಂದುಕೊಂಡ. ಎರಡನೆಯ ಸಲ ಸಕ್ಕರೆ ತೀರಿರಬೇಕು ಅಂದುಕೊಂಡ. ಆಮೇಲೆ ಅಂದುಕೊಳ್ಳುವುದನ್ನೇ ಬಿಟ್ಟ. ಅಂಗಡಿಯಲ್ಲಿ ಪಾಕದಂಥ ಚಹಾ ಕುಡಿಯುವ ಗಂಡಸು ಇಲ್ಲಿ ಕಣ್ಣು ಮುಚ್ಚಿ ಗುಟುಕರಿಸಿ "ಭಾಳ ಛಲೋ ಆಗ್ಯಾದ್ರಿ" ಅನ್ನುತ್ತಿದ್ದ. ಹೊರಗೆ ಬಂದು ಸ್ಟೇಷನ್ನಿನ ದಾರಿ ಹಿಡಿದ ಕೂಡಲೇ ಕಿಸೆಯಿಂದ ಬೆಲ್ಲದ ಹೆಂಟೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ವಾಡಿಗೆ ಹೊರಟ ದಿನ ಟೇಪು ಮರೆತರೂ ಅವನು ಬೆಲ್ಲ ಮರೆಯಲಿಲ್ಲ.

ಸೇಡಂನಲ್ಲಿ ಮಾಸ್ತರ್ತಿಯಾಗಿದ್ದ ಮಗಳು ಮೈತ್ರಿ ಫೋನು ಮಾಡಿದಾಗಲೆಲ್ಲ ಕೆಣಕುತ್ತಿದ್ದಳು.

"ಅಪ್ಪಾ, ವಾಡಿಯವರ ಕಟ್ಟಿ ಇನ್ನಾ ಮುಗದಿಲ್ಲೇನು? ಇಷ್ಟರಾಗ ಕಾಗಿಣಾ ಹೊಳಿ ಮ್ಯಾಲ ಒಂದು ಪೂಲು ಕಟ್ಟಬಹುದಿತ್ತು."

"ಕಲ್ಲು ಸಿಗವಲ್ದು ಬೇ."

"ಶಹಾಬಾದದಾಗ ಕಲ್ಲು ಸಿಗವಲ್ದಾ?" ಮಗಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು, "ಹೇಳೋದಿದ್ರ ಹೇಳಿಬಿಡಪ್ಪ. ಅವ್ವ ಸಿಟ್ಟಾಗಂಗಿಲ್ಲ."

ಅವನು ಬೈದು ಫೋನು ಇಟ್ಟ. ಹೆದರಿಕೆ ಇದ್ದದ್ದೇ ಅಲ್ಲಿ. ಇನ್ನೊಬ್ಬಳನ್ನು ಮನಸ್ಸಿನೊಳಗೆ ಕರೆದರೆ ಅನಸುಬಾಯಿ ಎದ್ದು ಜಾಗ ಬಿಟ್ಟುಕೊಡಬೇಕಾಗುತ್ತದಲ್ಲ! ಬದುಕಿದ್ದಾಗ ಒಂದು ದಿನವೂ ಎದ್ದೇಳು ಎಂದು ಹೇಳದವನು ಈಗ ಹೇಗೆ ಹೇಳಿಯಾನು? ಹಾಗಂತ ಲಲಿತಾಬಾಯಿ ಬಾರದ ವಾರ ಕಲ್ಲಿನ ಅಂಗಡಿಯಲ್ಲಿ ಕೂರಲೂ ಆಗುತ್ತಿರಲಿಲ್ಲ.

ಕೊನೆಗೆ ತಾಳ್ಮೆ ಕಳೆದುಕೊಂಡದ್ದು ಲಲಿತಾಬಾಯಿ. ಕಲ್ಲಿನ ಅಂಗಡಿಯ ನಡುವೆ ನಿಂತು ಸೊಂಟದ ಮೇಲೆ ಕೈ ಇಟ್ಟಳು.

"ಧರ್ಮಣ್ಣೋರೆ, ನಿಮ್ಮ ಊರಾಗ ಒಂದೂ ಛಲೋ ಕಲ್ಲು ಇಲ್ಲಂತ ನೀವೇ ಹೇಳ್ಲಿಕತ್ತೀರಿ. ನಾ ತಾಂಡೂರಿಂದು ತರಸ್ತೀನಿ, ಬಿಡ್ರಿ."

ಶಹಾಬಾದಿನವನ ಮುಂದೆ ತಾಂಡೂರಿನ ಕಲ್ಲಿನ ಹೆಸರೆತ್ತಬಾರದು. ಧರ್ಮಣ್ಣನ ಮೈಗೆ ಬೆಂಕಿ ಬಿತ್ತು. ಗೋಡೆಗೆ ನಿಲ್ಲಿಸಿದ್ದ, ಚಂದ ಇದೆ ಎಂದು ನಂಬಬಾರದೆಂದಿದ್ದ ಅದೇ ಕಲ್ಲನ್ನು ಅವತ್ತೇ ಪಾಲಿಶ್ ಮಾಡಿಸಿ ಮರುದಿನ ವಾಡಿಗೆ ಹೊರಡಿಸಿಬಿಟ್ಟ. ಗಾಡಿ ರೈಲ್ವೆ ಗೇಟು ದಾಟಿದ ಮೇಲೆ ಅವನಿಗೆ ತಾನು ಮಾಡಿಕೊಂಡದ್ದು ಏನೆಂದು ಹೊಳೆಯಿತು.

ಅವತ್ತು ಲಲಿತಾಬಾಯಿಗೆ ಡ್ಯೂಟಿ. ಬೀಗದ ಕೈ ಕೊಟ್ಟು ಹೋಗಿದ್ದಳು. ಹಾಜಿಮಲಂಗ್ ಗಾರೆ ಕಲಸುತ್ತ ಕೇಳಿದ, "ಎತ್ತರ ಎಷ್ಟು ಇಡೋಣು? ಆಕಿ ಬರೂತನಾ ನಿಂದ್ರು."

"ಯಾಕ ನಿಂದ್ರಬೇಕು? ಆಕೀ ಎತ್ತರ ನನಗ ಗೊತ್ತಿಲ್ಲೇನು? ಕಣ್ಣ ಮುಚ್ಚಿದ್ರ ಕಾಣ್ತದ."

ಹೀಗೆಂದು ಧರ್ಮಣ್ಣ ನಿಜಕ್ಕೂ ಕಣ್ಣು ಮುಚ್ಚಿದ. ಇವತ್ತಿಗೆ ಇದು ಮುಗಿಯುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಕೈ ತಾನಾಗಿಯೇ ಹೋಗಿ ಅಂಗಿಯ ಕಡೆಯ ಗುಂಡಿಯನ್ನು ಮುಟ್ಟಿತು. ಅಲ್ಲಿಂದಲೇ ಗೋಡೆಗೆ ಸರಿದು ಗೆರೆ ಎಳೆಯಿತು. ಹಾಜಿಮಲಂಗ್ ಗೆರೆ ನೋಡಿದ, ಗೆಳೆಯನ ಮುಖ ನೋಡಿದ. ಹೇಳಬೇಕಿತ್ತು, ಹೇಳಲಿಲ್ಲ. ಅವನ ಈ ಮೌನಕ್ಕೆ ಬೈಯಬೇಕೋ ಹೊಗಳಬೇಕೋ ಓದಿದವರೇ ಹೇಳಲಿ.

ಸಂಜೆ ಲಲಿತಾಬಾಯಿ ಬಂದಳು. ಹಾಜಿಮಲಂಗ್ "ನಮಾಜಿನ ಹೊತ್ತಾತು" ಎಂದು ಸಾಮಾನು ಕೂಡ ಕಟ್ಟಿಕೊಳ್ಳದೆ ಜಾಗ ಖಾಲಿ ಮಾಡಿದ. ಆಕೆ ಚಪ್ಪಲಿ ಬಿಟ್ಟು ಅಡುಗೆಮನೆಗೆ ಕಾಲಿಟ್ಟು, ಕಲ್ಲಿನ ಮೇಲೆ ಕೈಯಾಡಿಸಲು ಹೋದಳು. ಕೈ ಗಾಳಿಯಲ್ಲಿ ಆಡಿತು. ಬಗ್ಗಿದಳು. ಇನ್ನೂ ಬಗ್ಗಿದಳು.

"ಧರ್ಮಣ್ಣೋರೆ, ಅಡಿಗಿ ಮಾಡೋದು ನಾನೋ, ನನ್ನ ಮೊಮ್ಮಕ್ಕಳೋ? ನನಗ ಮಕ್ಕಳೇ ಇಲ್ಲ, ನೆನಪಿರ್ಲಿ."

ಧರ್ಮಣ್ಣ ನಗಲು ಹೋಗಿ ಕಟ್ಟೆಯನ್ನು ನೋಡಿದ. ಆಮೇಲೆ ತನ್ನ ಅಂಗಿಯನ್ನು ನೋಡಿಕೊಂಡ. ಸಿಮೆಂಟಿನ ಚೀಲದ ಮೇಲೆ ಕುಸಿದು ಕುಳಿತ.

"ಇದು ನಿಮ್ಮ ಅಳತಿ ಅಲ್ರಿ," ಅಂದ. "ಇದು ನಮ್ಮ ಮೈತ್ರಿಯ ಅವ್ವಂದು."

ಹೇಳಿಬಿಟ್ಟ ಮೇಲೆ ಮುಚ್ಚಿಡುವುದೇನು? ಗೋಡೆಗೆ ನಿಲ್ಲಿಸಿ ಗೆರೆ ಎಳೆದದ್ದು, ಗುಂಡಿ, ಇವತ್ತಿಗೂ ಒರೆಸುವ ಕಟ್ಟೆ, ಎಲ್ಲ ಹೇಳಿದ. ಲಲಿತಾಬಾಯಿ ಸಿಟ್ಟಾಗುತ್ತಾಳೆ ಅಂದುಕೊಂಡಿದ್ದ. ಆಕೆ ಕಟ್ಟೆಯ ಮೇಲೇ ಕುಳಿತಳು. ಕುಳಿತುಕೊಳ್ಳಲಿಕ್ಕೆ ಅದು ಹೇಳಿ ಮಾಡಿಸಿದ ಎತ್ತರ.

"ಅಷ್ಟು ಗಿಡ್ಡಾಕಿ ಇದ್ರೇನು?"

"ನನ್ನ ಎದಿತನಾ ಬರ್ತಿದ್ಳು. ಮಾತು ಮಾತ್ರ ನನ್ನ ತಲಿ ಮ್ಯಾಲಿಂದ ಹೋಗ್ತಿತ್ತು."

ಲಲಿತಾಬಾಯಿ ನಕ್ಕಳು. ಅವನ ಕಣ್ಣು ತುಂಬಿತು. ಕರವಸ್ತ್ರಕ್ಕೆಂದು ಕಿಸೆಗೆ ಕೈ ಹಾಕಿ ಎಳೆದ. ಅದರ ಹಿಂದೆಯೇ ಬೆಲ್ಲದ ಹೆಂಟೆ ಹಾರಿ ಬಿದ್ದು, ಉರುಳಿಕೊಂಡು ಹೋಗಿ ಆಕೆಯ ಪಾದದ ಹತ್ತಿರ ನಿಂತಿತು.

"ಇದೇನ್ರಿ?"

"ಬೆಲ್ಲ."

"ಬೆಲ್ಲಂತ ನನಗೂ ಕಾಣ್ತದ. ಕಿಸೆದಾಗ ಯಾಕ?"

ಧರ್ಮಣ್ಣ ಆ ದಿನ ಸುಳ್ಳು ಹೇಳುವ ಶಕ್ತಿಯನ್ನೇ ಕಳೆದುಕೊಂಡಿದ್ದ. "ನಿಮ್ಮ ಚಾಕ್ಕ," ಅಂದ. "ಕುಡದ ಮ್ಯಾಲ ಹಾದ್ಯಾಗ ತಿಂತೀನ್ರಿ. ಸಕ್ರಿ ಇರಂಗಿಲ್ಲಲ್ಲ..."

ಲಲಿತಾಬಾಯಿ ಬೆಲ್ಲವನ್ನು ಎತ್ತಿಕೊಂಡು ಸೆರಗಿನಿಂದ ಅದರ ಧೂಳು ಒರೆಸಿದಳು. ನಗುತ್ತಾಳೋ ಅಳುತ್ತಾಳೋ ಅವನಿಗೆ ತಿಳಿಯಲಿಲ್ಲ. ಆಕೆಗೂ ತಿಳಿದಿರಲಿಲ್ಲ.

"ಮಾಸ್ತರಿಗೆ ಶುಗರ್ ಇತ್ತು. ಡಾಕ್ಟರ್ ಬ್ಯಾಡಂದ ದಿನಾನೇ ಸಕ್ರಿ ಡಬ್ಬಿ ಬಾಜೂ ಮನಿಗೆ ಕೊಟ್ಟುಬಿಟ್ಟೆ. ಅವರಿಗಿಲ್ಲದ್ದು ನನಗ್ಯಾಕಂತ. ಅವರು ಹೋದ್ರು, ಡಬ್ಬಿ ತಿರುಗಿ ಬರ್ಲೇ ಇಲ್ಲ. ನಿಮಗ ಇಷ್ಟು ದಿನ ಅವರ ಚಾ ಕುಡಿಸೀನಿ, ನನಗ ಖಬರೇ ಇಲ್ಲ ನೋಡ್ರಿ!"

ಇಬ್ಬರೂ ನಕ್ಕರು. ಖಾಲಿ ಅಡುಗೆಮನೆಯ ಗೋಡೆಗಳು ನಗುವನ್ನು ತಿರುಗಿಸಿ ಕೊಟ್ಟವು. ನಗುತ್ತ ನಗುತ್ತಲೇ ಲಲಿತಾಬಾಯಿ ಸೆರಗು ಕಣ್ಣಿಗೊತ್ತಿಕೊಂಡಳು. ಅವನು ಮರೆತುಬಿಡು ಅಂತಲೂ ಅನ್ನಲಿಲ್ಲ, ಮರೆಯಬೇಡ ಅಂತಲೂ ಅನ್ನಲಿಲ್ಲ.

"ನಾಳಿ ಬಂದು ಒಡೀತೀನ್ರಿ," ಅಂದ. "ನಿಮ್ಮ ಎತ್ತರಕ್ಕ ಕಟ್ಟಿ ಕೊಡ್ತೀನಿ."

"ಒಡೀಬ್ಯಾಡ್ರಿ." ಆಕೆ ಎದ್ದು ಕಟ್ಟೆಯ ಮುಂದೆ ನಿಂತು, ಎರಡೂ ಅಂಗೈ ಕಲ್ಲಿನ ಮೇಲೆ ಊರಿ, ರೊಟ್ಟಿ ಬಡಿಯುವ ಹಾಗೆ ಎರಡು ಸಲ ಬಡಿದಳು. ಮೈಯ ಭಾರವೆಲ್ಲ ಅಂಗೈಗೆ ಬಂತು. "ರೊಟ್ಟಿ ಬಡೀಲಿಕ್ಕ ತೆಳಗೇ ಇರಬೇಕು. ಇದು ರೊಟ್ಟಿ ಕಟ್ಟಿ ಆಗ್ಲಿ. ಆಕಿ ಇಲ್ಲೇ ಇರ್ಲಿ, ಧರ್ಮಣ್ಣೋರೆ. ನಾ ಬಾಜೂಕ ನಿಂದ್ರತೀನಿ. ಗ್ಯಾಸ್ ಇಡ್ಲಿಕ್ಕ ಆ ಕಡಿ ನನ್ನ ಎತ್ತರಕ್ಕ ಇನ್ನೊಂದು ಕಟ್ರಿ."

ಇಷ್ಟು ವರ್ಷ ಯಾರಿಂದಲೋ ಕೇಳಬೇಕೆಂದು ಕಾದಿದ್ದ ಮಾತು ಅದೇ ಎಂದು ಧರ್ಮಣ್ಣನಿಗೆ ಆಗಲೇ ಗೊತ್ತಾದದ್ದು. ಯಾರೂ ಏಳಬೇಕಾಗಿರಲಿಲ್ಲ. ಆದರೂ ಇನ್ನೊಂದು ಹೆದರಿಕೆ ಉಳಿದಿತ್ತು.

"ಅದೂ ಮುಗದ ಮ್ಯಾಲ ನಾ ಯಾವ ನೆಪದಲೆ ಬರ್ಬೇಕ್ರಿ?"

"ಒಬ್ಬಾಕಿ ತಿನ್ಲಿಕ್ಕ ಇಷ್ಟು ದೊಡ್ಡ ರೊಟ್ಟಿ ಕಟ್ಟಿ ಯಾಕ ಬೇಕು?" ಅಂದಳು ಲಲಿತಾಬಾಯಿ. "ಉಣ್ಲಿಕ್ಕ ಬರ್ರಿ. ಬರೋವಾಗ ಸಕ್ರಿ ತರ್ರಿ, ಬೆಲ್ಲ ಹಾಕಿದ್ರ ಹಾಲು ಒಡೀತದ."

ಅವನು ಬೀಗದ ಕೈಯನ್ನು ಅವಳ ಮುಂದೆ ಹಿಡಿದ. ಆಕೆ ತೆಗೆದುಕೊಳ್ಳಲಿಲ್ಲ.

"ನಿಮ್ಮ ಕಡೀನೇ ಇರ್ಲಿ. ಮೊದಲ ಅಳತಿ ತಗೋರಿ. ಈ ಸಲ ಕಣ್ಣ ತೆರದು."

ಆಕೆ ಗೋಡೆಗೆ ಬೆನ್ನು ಹಚ್ಚಿ ನಿಂತು ಮೊಣಕೈ ಮಡಚಿದಳು. ಧರ್ಮಣ್ಣ ಸೀಮೆಸುಣ್ಣ ಹಿಡಿದು ಹತ್ತಿರ ಬಂದ. ಗೇಣು ಇಟ್ಟ, ತಪ್ಪಿತು. ಮತ್ತೆ ಇಟ್ಟ. ಗೆರೆ ತುಸು ಸೊಟ್ಟಗಾಯಿತು. ಅದು ತನ್ನ ಅಂಗಿಯ ಯಾವ ಗುಂಡಿಗೆ ಬರುತ್ತದೆಂದು ಬಗ್ಗಿ ನೋಡಿಕೊಂಡ. ಲಲಿತಾಬಾಯಿಯೂ ಬಗ್ಗಿ ನೋಡಿದಳು, ತನ್ನ ಬೆರಳಿನಿಂದ ಆ ಗುಂಡಿಯನ್ನು ಮುಟ್ಟಿ ಹೇಳಿದಳು:

"ಇದು. ನೆನಪಿಡ್ರಿ."