ಲಕ್ಷ್ಮೀನರಸಮ್ಮನ ಅಭಿಪ್ರಾಯ

ಶಿಡ್ಲಘಟ್ಟದ ಓದುಗರ ಬಳಗ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಸೇರುತ್ತಿತ್ತು. ಬಳಗವೆಂದರೆ ಹದಿನೈದು ಜನ. ಮೇಷ್ಟ್ರುಗಳು, ಬ್ಯಾಂಕಿನವರು, ನಾಲ್ಕೈದು ಕಾಲೇಜು ಹುಡುಗಿಯರು. ನಡೆಸುತ್ತಿದ್ದವರು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ರಮೇಶ್‌ಬಾಬು. ಪುಸ್ತಕ ತರಿಸಿ ಹಂಚುವ ಕೆಲಸ ಕವಿತಳದು. ಅವಳ ಟೈಲರ್ ಅಂಗಡಿಯ ಹಿಂದಿನ ಕೋಣೆಯೇ ಬಳಗದ ಗ್ರಂಥಾಲಯ, ಸಭೆಯೂ ಅಲ್ಲೇ.

೨೦೦೬ರ ಆಗಸ್ಟಿನಲ್ಲಿ ಕವಿತ ‘ತೊದಲು ಮಂತ್ರ’ ಎಂಬ ಕಾದಂಬರಿ ತರಿಸಿದಳು. ಬರೆದವರು ಧಾರವಾಡದ ಕಡೆಯ ಒಬ್ಬ ಲೇಖಕಿ. ಮುಗುಳಿ ಎಂಬ ಹುಡುಗಿಯನ್ನು ಮಾಟಗಾತಿಯೆಂದು ಊರಿನವರು ಓಡಿಸುತ್ತಾರೆ. ಅವಳು ಬೆಟ್ಟದ ಮೇಲಿನ ಶಾಲೆಯೊಂದಕ್ಕೆ ಮಂತ್ರವಿದ್ಯೆ ಕಲಿಯಲು ಸೇರುತ್ತಾಳೆ. ಅವಳಿಗೆ ಮಾತು ತೊದಲು. ಒಂದಕ್ಷರ ತಪ್ಪಿದರೂ ಮಂತ್ರ ಕೆಡುತ್ತದೆ. ಮಳೆಯನ್ನು ಕರೆಯಲು ಹೋಗಿ ಮಿಡತೆಗಳನ್ನು ಕರೆಯುತ್ತಾಳೆ. ಕೊನೆಗೆ ವಿದ್ಯೆ ಒಲಿದು, ಓಡಿಸಿದ ಊರೇ ಬಂದು ಅವಳ ಕ್ಷಮೆ ಕೇಳುತ್ತದೆ.

ಮುಂದಿನ ತಿಂಗಳ ಸಭೆಗೆ ವಿಮಾ ಏಜೆಂಟ್ ವೆಂಕಟರಾಯಪ್ಪ ಸಿಟ್ಟಿನಿಂದಲೇ ಬಂದರು.

“ನಮ್ಮ ಹುಡುಗಿ ಎಂಟನೇ ಕ್ಲಾಸು. ಹಿಪ್ಪುನೇರಳೆ ಕಡ್ಡಿ ಹಿಡ್ಕೊಂಡು ಏನೇನೋ ಮಣಮಣ ಅಂತವಳೆ. ಮಾಟ ಮಂತ್ರ ಕಲಿಸೋ ಪುಸ್ತಕ ಇಲ್ಲಿ ಯಾಕ್ರೀ ಇಟ್ಟಿದೀರ?” ಎಂದರು.

ರಮೇಶ್‌ಬಾಬುಗೆ ಆ ಮಾತು ಸರಿಯೆನಿಸಿತು. ಅವರು ರಜೆ ಬಂದರೆ ಊರೂರು ತಿರುಗಿ, ನಾಲಿಗೆಯ ಮೇಲೆ ಕರ್ಪೂರ ಹಚ್ಚಿ ತೋರಿಸಿ, ಪವಾಡವೆಲ್ಲ ಬರೀ ಕೈಚಳಕವೆಂದು ಹೇಳುತ್ತಿದ್ದವರು. “ಹತ್ತು ವರ್ಷದಿಂದ ನಾನು ಇದರ ವಿರುದ್ಧವೇ ಮಾತಾಡ್ತಿದೀನಿ. ನಮ್ಮ ಬಳಗದಲ್ಲೇ ಇಂಥದ್ದು ಬೇಡ. ಆದ್ರೂ ಓದಿದೋರು ಒಂದೊಂದು ಮಾತು ಹೇಳ್ಲಿ, ಆಮೇಲೆ ತೆಗೆದಿಡೋಣ” ಎಂದರು.

ಬ್ಯಾಂಕಿನ ಮಧುಕುಮಾರ್, ನಡುವೆ ನಲವತ್ತು ಪುಟ ಕಡಿಮೆ ಮಾಡಬಹುದಿತ್ತು ಎಂದರು. ಕಾಲೇಜು ಹುಡುಗಿಯೊಬ್ಬಳು ಎದ್ದು, “ಇದ್ರಲ್ಲಿ ಮಂತ್ರ ಕಲಿಯೋರೂ ಮುದ್ದೆ ತಿಂತಾರೆ ಸರ್, ನಂಗೆ ಅದು ಇಷ್ಟ ಆಯ್ತು” ಎಂದಾಗ ಎಲ್ಲರೂ ನಕ್ಕರು. ಇನ್ನೊಬ್ಬರು, ದೊಡ್ಡವರು ಓದುವಂಥದ್ದು ಇದರಲ್ಲಿ ಏನಿದೆ ಎಂದು ಕೇಳಿದರು.

“ನಾನೂ ಓದಿದೀನಿ, ಮೇಷ್ಟ್ರೇ” ಎಂದು ಬಾಗಿಲ ಹತ್ತಿರದಿಂದ ಒಂದು ದನಿ ಬಂತು.

ಲಕ್ಷ್ಮೀನರಸಮ್ಮ. ಐವತ್ತು ದಾಟಿದ ಹೆಂಗಸು. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕಾರ್ಖಾನೆಯಲ್ಲಿ ಕೆಲಸ. ವರ್ಷಗಟ್ಟಲೆ ಬಿಸಿನೀರಿನಲ್ಲಿ ಅದ್ದಿ ಬೆರಳುಗಳ ಚರ್ಮ ಬೆಳ್ಳಗೆ ಸುಕ್ಕಾಗಿತ್ತು. ಸಾಕ್ಷರತಾ ತರಗತಿಯಲ್ಲಿ ನಲವತ್ತರ ವಯಸ್ಸಿನಲ್ಲಿ ಅಕ್ಷರ ಕಲಿತವಳು. ರವಿಕೆ ಹೊಲಿಸಲು ಬಂದವಳು ಪುಸ್ತಕ ಕಂಡು, ಮೂರು ತಿಂಗಳಿಂದ ಸಭೆಗೆ ಬರುತ್ತಿದ್ದಳು. ಬಾಯಿ ತೆರೆದದ್ದು ಇದೇ ಮೊದಲು.

“ನಂಗೆ ಓದಕ್ಕೆ ಇಪ್ಪತ್ತು ದಿನ ಹಿಡೀತು. ಆ ಹುಡುಗಿ ಅಕ್ಷರ ತಪ್ಪಿದಾಗ ಗುರು ಒಂದು ಮಾತಂತಾರಲ್ಲ, ‘ನಿನ್ನ ನಾಲಿಗೆಗೆ ಎಷ್ಟು ಹೊತ್ತು ಬೇಕೋ ಅಷ್ಟು ತಗೋ, ನಾನು ಕಾಯ್ತೀನಿ’ ಅಂತ. ಅಲ್ಲಿ ಅತ್ತುಬಿಟ್ಟೆ.”

ಅವಳು ಸೆರಗು ಸರಿಪಡಿಸಿಕೊಂಡಳು.

“ನಮ್ಮಮ್ಮಂಗೆ ಸೊಪ್ಪು ಸದೆ ಗೊತ್ತಿತ್ತು. ದನ ಮೇವು ಬಿಟ್ರೆ, ಮಕ್ಕಳಿಗೆ ಹೊಟ್ಟೆ ಕೆಟ್ರೆ ಜನ ಅವಳ ಹತ್ರ ಬರೋರು. ಒಂದು ವರ್ಷ ಊರಲ್ಲಿ ಏಳೆಂಟು ದನ ಸತ್ವು. ಆಯಮ್ಮನೇ ಮಾಟ ಮಾಡವಳೆ ಅಂದ್ರು. ಹಲ್ಲಿಲ್ದಿದ್ರೆ ಮಂತ್ರ ಸರಿಯಾಗಿ ಬರಲ್ಲ ಅಂತ, ಕಂಬಕ್ಕೆ ಕಟ್ಟಿ, ಮುಂದಿನ ಹಲ್ಲು ಕಲ್ಲಲ್ಲಿ ಕುಟ್ಟಿ ಉದುರಿಸಿದ್ರು. ನಂಗಾಗ ಒಂಬತ್ತು ವರ್ಷ. ಆಮೇಲೆ ಹದಿನೈದು ವರ್ಷ ಬದುಕಿದ್ಲು. ನನ್ನ ಹೆಸರು ಸರಿಯಾಗಿ ಕರೆಯಕ್ಕೆ ಬತ್ತಿರ್ಲಿಲ್ಲ ಅವಳಿಗೆ.”

ಕವಿತ ಕತ್ತರಿಯನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟಳು.

ರಮೇಶ್‌ಬಾಬು ಮೆಲ್ಲಗೆ, “ಅದಕ್ಕೇ ಅಮ್ಮ ನಾನು ಹೇಳೋದು, ಮಾಟ ಅನ್ನೋದೇ ಇಲ್ಲ...” ಎಂದರು.

“ಇಲ್ಲ ಅಂತ ನಿಮಗಿಂತ ಮುಂಚೆ ನಮ್ಮಮ್ಮಂಗೆ ಗೊತ್ತಿತ್ತು, ಮೇಷ್ಟ್ರೇ. ಇದ್ದಿದ್ರೆ ಅವರ ಕೈ ತಡೀತಿರ್ಲಿಲ್ವಾ?” ಎಂದಳು. ದನಿಯಲ್ಲಿ ಕೋಪವಿರಲಿಲ್ಲ. “ಪುಸ್ತಕ ತೆಗೀಬೇಡಿ. ತೊದಲೋಳನ್ನ ಕೂರಿಸ್ಕೊಂಡು ಕಾಯೋ ಒಬ್ರಾದ್ರೂ ಇದ್ರಲ್ಲಿ ಅವ್ರೆ. ಆದ್ರೆ ಒಂದು ತಪ್ಪಿದೆ. ಕೊನೇಲಿ ಊರೋರೆಲ್ಲ ಬಂದು ಕ್ಷಮೆ ಕೇಳ್ತಾರಲ್ಲ, ಅದು ಸುಳ್ಳು. ನಮ್ಮ ಮನೆಗೆ ಯಾರೂ ಬರ್ಲಿಲ್ಲ.”

ವೆಂಕಟರಾಯಪ್ಪ, “ಇರ್ಲಿ ಬಿಡಿ. ನಮ್ಮ ಹುಡುಗಿ ಪರೀಕ್ಷೆ ಮುಗಿಸ್ಕೊಂಡು ಓದ್ಲಿ” ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡರು. ಪುಸ್ತಕ ಕಪಾಟಿನಲ್ಲೇ ಉಳಿಯಿತು.

ರಮೇಶ್‌ಬಾಬು ಅವಳ ಜೊತೆ ಬಸ್ ನಿಲ್ದಾಣದವರೆಗೆ ನಡೆದರು. ತಮ್ಮ ಕಾರ್ಯಕ್ರಮಗಳಿಗೆ ಬಂದು ಮಕ್ಕಳಿಗೆ ಇದನ್ನೇ ಹೇಳಬೇಕೆಂದು ಕೇಳಿಕೊಂಡರು.

“ಬೇಡ ಮೇಷ್ಟ್ರೇ. ನಮ್ಮಮ್ಮನ್ನ ಊರ ಮುಂದೆ ಒಂದು ಸಲ ನಿಲ್ಲಿಸಿದ್ದೇ ಸಾಕು.”

ಮೇಷ್ಟ್ರಿಗೆ ಮುಖ ಬಿಸಿಯಾಯಿತು. “ಆಯಮ್ಮನ ಹೆಸರೇನು?” ಎಂದು ಕೇಳಿದರು.

“ಅಕ್ಕಯ್ಯಮ್ಮ” ಎಂದಳು. ಆ ಹೆಸರನ್ನು ಹೊರಗಿನವರ ಮುಂದೆ ಹೇಳಿ ಎಷ್ಟು ಕಾಲವಾಗಿತ್ತೋ, ಅವಳಿಗೇ ನೆನಪಿರಲಿಲ್ಲ.

ಮರುವಾರ ಕವಿತ ಪುಸ್ತಕದ ಹಿಂದಿದ್ದ ವಿಳಾಸ ತೋರಿಸಿ, “ನೀವು ಹೇಳಿದ್ದನ್ನ ಆ ಲೇಖಕಿಗೆ ಬರೀರಿ” ಎಂದಳು. ಲಕ್ಷ್ಮೀನರಸಮ್ಮ ಮೂರು ಭಾನುವಾರ ಕೂತು ಒಂದೂವರೆ ಪುಟ ಬರೆದಳು. ಒತ್ತಕ್ಷರ ಎಲ್ಲೆಲ್ಲಿ ತಪ್ಪಿತ್ತೋ ಅದನ್ನು ಕವಿತ ತಿದ್ದಲು ಹೋದರೆ ಬಿಡಲಿಲ್ಲ.

ದೀಪಾವಳಿ ಕಳೆದ ಮೇಲೆ ಉತ್ತರ ಬಂತು. ‘ನೀವು ಬರೆದದ್ದು ನಿಜ. ಯಾರೂ ಬಾರದಂತೆಯೇ ಮೊದಲು ಬರೆದಿದ್ದೆ. ಆ ಹುಡುಗಿಯನ್ನು ಅಲ್ಲಿಗೆ ಬಿಟ್ಟು ಕತೆ ಮುಗಿಸಲು ನನಗೆ ಧೈರ್ಯ ಸಾಲಲಿಲ್ಲ’ ಎಂದಿತ್ತು.

ಲಕ್ಷ್ಮೀನರಸಮ್ಮ ಅದನ್ನು ಎರಡು ಸಲ ಓದಿದಳು. ಆಗ ಅವಳು ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಅದೇ ಕಾದಂಬರಿಯನ್ನು ದಿನಕ್ಕೆ ನಾಲ್ಕು ಪುಟ ಜೊತೆಯ ಹೆಂಗಸರಿಗೆ ಓದಿ ಹೇಳುತ್ತಿದ್ದಳು. ಕೊನೆಯ ಅಧ್ಯಾಯ ಬಂದ ದಿನ, ಅದನ್ನು ಬದಲಿಸಿ ಹೇಳಬೇಕೆಂದು ಮನಸ್ಸಾಯಿತು. ಊರವರು ಬರಲಿಲ್ಲ ಎಂದು ಒಂದು ಮಾತಿನಲ್ಲಿ ಮುಗಿಸಿಬಿಡಬಹುದಿತ್ತು. ಎದುರಿಗೆ ರಾಧಾಮಣಿ ಎಂಬ ಎಳೆಯ ಹೆಂಗಸು ಊಟದ ಡಬ್ಬಿ ತೆರೆಯುವುದನ್ನೂ ಮರೆತು ಕಾಯುತ್ತಿದ್ದಳು. ಲಕ್ಷ್ಮೀನರಸಮ್ಮ ಪುಸ್ತಕದಲ್ಲಿ ಇದ್ದದ್ದನ್ನು ಇದ್ದಹಾಗೆಯೇ ಓದಿದಳು. ಊರವರು ಬಂದರು, ತಲೆ ಬಗ್ಗಿಸಿದರು, ಮುಗುಳಿ ಅವರಿಗೆ ನೀರು ಕೊಟ್ಟಳು.

“ಹಿಂಗೆಲ್ಲ ಆಗ್ತದಾ ಅಕ್ಕಾ?” ಎಂದಳು ರಾಧಾಮಣಿ.

“ನಾನಂತೂ ನೋಡಿಲ್ಲ ಕಣಮ್ಮ” ಎಂದಳು ಲಕ್ಷ್ಮೀನರಸಮ್ಮ. “ಆಗ್ಬೇಕಿತ್ತು.”