ಕಣ್ಣಕ್ಕ ಬರೆದ ಕಣ್ಣುಗಳು

"ಯಾರ್ರೇ ಇದನ್ನ ಬರ್ದಿದ್ದು?"

ಕಣ್ಣಕ್ಕ ಹೀಗೆ ಗುಡುಗಿದ್ದೇ ತಡ, ಗೊಂಬೆ ಕಾರ್ಖಾನೆಯ ಮಹಡಿಯಲ್ಲಿದ್ದ ಹನ್ನೊಂದು ಹೆಂಗಸರೂ ತಲೆ ಬಗ್ಗಿಸಿ ತಮ್ಮ ತಮ್ಮ ಕೆಲಸ ಹಿಡಿದರು. ಅವಳ ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆಯೊಂದು ಬಾಯಿ ತೆರೆದು ಕೂತಿತ್ತು. ಅಂಗಡಿಗಳಿಂದ ವಾಪಸ್ ಬಂದ ಮೂವತ್ತೆಂಟು ಗೊಂಬೆಗಳು ಅದರಲ್ಲಿ ಅಂಗಾತ ಮಲಗಿ ಅವಳನ್ನೇ ನೋಡುತ್ತಿದ್ದವು. ನೋಡುವುದೆಂದರೆ ಅಂತಿಂಥ ನೋಟವಲ್ಲ. ಕತ್ತಲೆ ಕೋಣೆಯಲ್ಲಿ ಬೆನ್ನ ಹಿಂದೆ ಯಾರೋ ನಿಂತಿದ್ದಾರೆಂದು ಗೊತ್ತಾದವರು ಕಣ್ಣು ಬಿಡುತ್ತಾರಲ್ಲ, ಹಾಗೆ ಬಿಟ್ಟುಕೊಂಡಿದ್ದವು.

ಆ ಮಹಡಿಯಲ್ಲಿ ಎಲ್ಲರಿಗೂ ಕೆಲಸವೇ ಹೆಸರು. ಕೂದಲು ಹೊಲಿಯುವವಳು ಕೂದಲಮ್ಮ, ಕೈಕಾಲು ಸಿಕ್ಕಿಸುವವಳು ಕೈಕಾಲಮ್ಮ. ಇಪ್ಪತ್ತೆರಡು ವರ್ಷದಿಂದ ಕಣ್ಣು ಬರೆಯುತ್ತಿರುವವಳು ಕಣ್ಣಕ್ಕ. ಬೇರೆ ಯಾರೂ ಕಣ್ಣಿನ ಕುಂಚ ಮುಟ್ಟುವ ಹಾಗಿಲ್ಲ. ಮುಟ್ಟಿದವರಿಗೆ ಅವಳ ಬಾಯಿಂದ ಬಿಡುಗಡೆಯಿಲ್ಲ. ಹೀಗಿರುವಾಗ ಯಾರು ಬರೆದದ್ದು ಎಂದು ಕೇಳಿದರೆ ಪಾಪ, ಅವರಾದರೂ ಏನು ಹೇಳಿಯಾರು?

ಪೆಟ್ಟಿಗೆಯ ಜೊತೆ ಯಜಮಾನರು ಒಂದು ಚೀಟಿಯನ್ನೂ ಕಳಿಸಿದ್ದರು. ಮಕ್ಕಳು ಹೆದರಿಕೊಳ್ಳುತ್ತವಂತೆ. ಗೊಂಬೆ ನಿದ್ದೆ ಮಾಡುವುದೇ ಇಲ್ಲ ಎಂದು ಒಂದು ಮಗು ಅದರ ಮುಖಕ್ಕೆ ಕರ್ಚೀಫು ಕಟ್ಟಿತ್ತಂತೆ. ಒಂದು ಅಂಗಡಿಯ ಕೆಲಸದಾಕೆ, ಶಟರ್ ಎಳೆಯುವಾಗ ಇವುಗಳ ಕಡೆ ಬೆನ್ನು ಹಾಕುವುದಕ್ಕೆ ನನಗೆ ಧೈರ್ಯವಿಲ್ಲ ಎಂದು ಕೆಲಸವನ್ನೇ ಬಿಟ್ಟಳಂತೆ. ಕೊನೆಯ ಸಾಲು ಇನ್ನೂ ಖಾರ: "ಹೀಗೇ ಆದರೆ ಮುಂದಿನ ತಿಂಗಳಿಂದ ಸ್ಟಿಕರ್ ಕಣ್ಣು ತರಿಸುತ್ತೇನೆ."

"ಸ್ಟಿಕರಂತೆ ಸ್ಟಿಕರು! ಅವರ ಹಣೆಗೆ ಅಂಟಿಸ್ಕೊಳ್ಳಲಿ," ಎಂದಳು ಕಣ್ಣಕ್ಕ. "ನಂಗೆ ಆಗದೋರು ಯಾರೋ ಡಬ್ಬದಿಂದ ಗೊಂಬೆ ತೆಗ್ದು ತಿದ್ದಿದಾರೆ. ಇದು ನನ್ ಕೈ ಅಲ್ಲ."

ಕೂದಲಮ್ಮ ಒಬ್ಬಳೇ ಎದ್ದು ಬಂದಳು. ಹದಿನೈದು ವರ್ಷ ಪಕ್ಕದ ಮೇಜಿನಲ್ಲಿ ಕೂತು, ಒಂದೇ ಡಬ್ಬಿಯಲ್ಲಿ ಉಂಡ ಗೆಳತಿ. ಅವಳು ಗೊಂಬೆಗಳನ್ನು ಒಂದೊಂದಾಗಿ ತೆಗೆದು, ಕುತ್ತಿಗೆಯ ಹಿಂದೆ ಒತ್ತಿದ್ದ ತಾರೀಕು ನೋಡುತ್ತ, ಹಳೆಯದರಿಂದ ಹೊಸದಕ್ಕೆ ಸಾಲಾಗಿ ನಿಲ್ಲಿಸಿದಳು. ಹದಿಮೂರು ತಿಂಗಳ ಗೊಂಬೆಗಳು. ಕಾರ್ಖಾನೆಯಲ್ಲಿ ಅಂದಂದಿನ ಮಾಲು ಅಂದಂದೇ ಪ್ಯಾಕ್ ಆಗಿ ಹೋಗುತ್ತದೆ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಇಲ್ಲಿಯತನಕ ಯಾರೂ ನೋಡಿರಲಿಲ್ಲ.

ಮೊದಲನೆಯದರಲ್ಲಿ ಮೇಲಿನ ರೆಪ್ಪೆ ಕಂದು ಗುಡ್ಡೆಯ ಮೇಲೆ ಒಂದೆಳೆ ಇಳಿದಿತ್ತು. ಇಳಿಯಲೇಬೇಕು, ಆಗಲೇ ಗೊಂಬೆಗೆ ಕಳೆ. ಐದನೆಯದರಲ್ಲಿ ರೆಪ್ಪೆ ಗುಡ್ಡೆಯನ್ನು ಮುಟ್ಟಿ ನಿಂತಿತ್ತು. ಹತ್ತನೆಯದರಲ್ಲಿ ನಡುವೆ ಬಿಳಿ ಇಣುಕಿತ್ತು. ಇಪ್ಪತ್ತನೆಯದರ ಹೊತ್ತಿಗೆ ಗುಡ್ಡೆಯ ಮೇಲೂ ಕೆಳಗೂ ಬಿಳಿ, ಬಿಳಿಯ ನಡುವೆ ಗುಡ್ಡೆ. ಆಮೇಲೆ ಇನ್ನೊಂದು ವಿಚಿತ್ರ ಶುರುವಾಗಿತ್ತು. ಮೂಗಿನ ಪಕ್ಕದ ಮೂಲೆಯಲ್ಲಿ ಸಾಸಿವೆಗಿಂತ ಸಣ್ಣದಾಗಿ ಇಡುವ ತಿಳಿಗೆಂಪು ಚುಕ್ಕೆ ಗೊಂಬೆಯಿಂದ ಗೊಂಬೆಗೆ ಗಾಢವಾಗುತ್ತ ಹೋಗಿ, ಕೊನೆಯ ನಾಲ್ಕರಲ್ಲಿ ಅಪ್ಪಟ ರಕ್ತದ ಹಾಗಿತ್ತು.

"ಏನು ನೋಡಿ ಬರೀತೀಯಾ ನೀನು?" ಎಂದಳು ಕೂದಲಮ್ಮ ಮೆಲ್ಲಗೆ.

ಏನು ನೋಡಿ? ಕೆಲಸ ಕಲಿಸಿದ ಸೋದರತ್ತೆ ಮೊದಲ ದಿನವೇ ಮೇಜಿಗೊಂದು ಕೈಗನ್ನಡಿ ಒರಗಿಸಿ ಹೇಳಿದ್ದಳು: ಅನುಮಾನ ಬಂದರೆ ನಿನ್ನ ಕಣ್ಣು ನೋಡ್ಕೋ, ಅದಕ್ಕಿಂತ ಒಳ್ಳೆ ಅಚ್ಚು ಇಲ್ಲ. ಅಂದಿನಿಂದ ಕಣ್ಣಕ್ಕ ದಿನಕ್ಕೆ ನೂರು ಸಲ ಕನ್ನಡಿ ನೋಡುತ್ತಾಳೆ, ಒಮ್ಮೆಯೂ ತನ್ನ ಮುಖ ನೋಡಿಕೊಂಡಿಲ್ಲ. ಕೂದಲಮ್ಮ ಆ ಕನ್ನಡಿಯನ್ನು ಎತ್ತಿ ಹಿಡಿದಳು. ಇನ್ನೊಂದು ಕೈಯಲ್ಲಿ ಕೊನೆಯ ಗೊಂಬೆಯನ್ನು ಗೆಳತಿಯ ಕೆನ್ನೆಯ ಪಕ್ಕಕ್ಕೆ ತಂದಳು.

ಕನ್ನಡಿಯೊಳಗಿಂದ ಎರಡು ಜೊತೆ ಕಣ್ಣು ಕಣ್ಣಕ್ಕನನ್ನು ನೋಡಿದವು. ಯಾವುದು ಬರೆದದ್ದು, ಯಾವುದು ಬದುಕಿದ್ದು ಎಂದು ಒಂದು ಗಳಿಗೆ ಅವಳಿಗೇ ತಿಳಿಯಲಿಲ್ಲ. ರೆಪ್ಪೆ ಬಡಿದು ನೋಡಿದಳು. ಒಂದು ಜೊತೆ ತಡವಾಗಿ, ಅರ್ಧಂಬರ್ಧ ಬಡಿಯಿತು.

"ನಂಗೆ ಯಾಕೆ ಯಾರೂ ಹೇಳ್ಲಿಲ್ಲ?"

"ಕೋಪ ಅಂದ್ಕೊಂಡ್ವಿ ಕಣೇ. ವರ್ಷದಿಂದ ನೀನು ಎಲ್ಲರನ್ನೂ ಗುರಾಯಿಸ್ತಿದೀಯ ಅಂತ."

ಮರುದಿನ ಬೆಳಿಗ್ಗೆ ದೊಡ್ಡಾಸ್ಪತ್ರೆಗೆ ಹೋಗುವಾಗ ಗಂಡ ಜೊತೆಗಿದ್ದ. ಅವನದು ಬೀಗ ರಿಪೇರಿ. ಎಂಥ ಬೀಗವನ್ನಾದರೂ ಬಿಡಿಸಿಯಾನು, ಅವನ ಬಾಯಿ ಬಿಡಿಸುವುದು ಮಾತ್ರ ಯಾರಿಂದಲೂ ಸಾಧ್ಯವಿಲ್ಲ ಎಂದು ಓಣಿಯವರೆಲ್ಲ ಆಡಿಕೊಳ್ಳುವ ಮನುಷ್ಯ. ಎರಡು ತಿಂಗಳಿಂದ ಸೆಖೆ ಸೆಖೆ ಎಂದು ಹೊರಕೋಣೆಯಲ್ಲಿ ಚಾಪೆ ಹಾಕಿ ಮಲಗುತ್ತಿದ್ದ. ಕಾರಿಡಾರಿನಲ್ಲಿ ಎದುರು ಬಂದವರು ಕಣ್ಣಕ್ಕನನ್ನು ನೋಡಿ ಚೂರು ಪಕ್ಕಕ್ಕೆ ಸರಿಯುತ್ತಿದ್ದರು. ಎಷ್ಟು ದಿನದಿಂದ ಹೀಗೆ ಸರಿಯುತ್ತಿದ್ದಾರೋ ಎಂದು ಅವಳಿಗೆ ಅವತ್ತು ಹೊಳೆಯಿತು, ಅವಮಾನದಿಂದ ಕುಗ್ಗಿಹೋದಳು.

ಕಣ್ಣಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಸ್ಕೇಲಿನಂಥದ್ದೊಂದನ್ನು ಕಣ್ಣಿನ ಪಕ್ಕಕ್ಕೆ ಹಿಡಿದು ಅಳೆದಳು, ಟಾರ್ಚು ಬಿಟ್ಟು ನೋಡಿದಳು.

"ತೂಕ ಇಳಿದಿತ್ತಾ? ಎದೆ ಹೊಡ್ಕೊಳ್ತಿತ್ತಾ? ಕೈ ನಡುಗ್ತಿತ್ತಾ?"

ಎಲ್ಲವೂ ಆಗಿತ್ತು. ಹೋದ ವರ್ಷ ಓಣಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಜಾಸ್ತಿಯಾಗಿದೆ ಎಂದು ಮಾತ್ರೆ ಬರೆದಿದ್ದರು. ಮೂರು ತಿಂಗಳಲ್ಲಿ ಕೈ ನಡುಕ ನಿಂತಿತು. ಕುಂಚ ಹಿಡಿಯುವ ಕೈ ನೆಟ್ಟಗಾದ ಮೇಲೆ ಮಾತ್ರೆ ಯಾರಿಗೆ ಬೇಕು? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಬಿಟ್ಟುಬಿಟ್ಟಿದ್ದಳು.

"ಮೈ ಕಾಯ್ಬೇಕಾದ ಶಕ್ತಿನೇ ತಿರುಗಿ ಬಿದ್ದು ಥೈರಾಯ್ಡನ್ನ ಕೆಣಕುತ್ತೆ," ಎಂದಳು ಡಾಕ್ಟರಮ್ಮ. "ಅದೇ ಗಲಾಟೆ ಕಣ್ಣಿನ ಹಿಂದೆನೂ ಆಗುತ್ತೆ. ಅಲ್ಲಿರೋ ಮಾಂಸ, ಕೊಬ್ಬು ಊದ್ಕೊಳ್ಳುತ್ತೆ. ಸುತ್ತ ಮೂಳೆ, ಜಾಗ ಎಲ್ಲಿದೆ? ಅದಕ್ಕೇ ಗುಡ್ಡೆ ಮುಂದಕ್ಕೆ ಬರುತ್ತೆ."

"ಗೊಂಬೆ ತಲೆಗೆ ಹತ್ತಿ ಜಾಸ್ತಿ ತುರುಕಿದ ಹಾಗೆ," ಎಂದಳು ಕಣ್ಣಕ್ಕ.

"ಹಾಗೇ ಅಂದ್ಕೊಳ್ಳಿ. ಮನೇಲಿ ಬೀಡಿ ಸಿಗರೇಟು?"

ಗಂಡ ಶರ್ಟಿನ ಜೇಬಿನ ಮೇಲೆ ಕೈಯಿಟ್ಟ. "ನಂದು," ಎಂದ.

"ಇವರೆದುರು ಒಂದು ದಮ್ಮೂ ಬೇಡ. ಈ ಕಾಯಿಲೆಗೆ ಆ ಹೊಗೆ ದೊಡ್ಡ ಶತ್ರು. ಸರಿ, ಅಮ್ಮ, ಮಲಗಿದಾಗ ಕಣ್ಣು ಪೂರ್ತಿ ಮುಚ್ಚುತ್ತಾ?"

"ಮುಚ್ಚದೇ ಏನು? ಎಲ್ಲರ ಹಾಗೇ..."

"ಇಲ್ಲ ಡಾಕ್ಟ್ರೇ," ಎಂದ ಗಂಡ.

ಕಣ್ಣಕ್ಕ ತಿರುಗಿದಳು. ಅವನು ನೆಲ ನೋಡುತ್ತಿದ್ದ.

"ತೆರ್ದೇ ಇರುತ್ತೆ. ಉಸಿರಾಡ್ತಿರ್ತಾಳೆ, ಗಾಢ ನಿದ್ದೆ. ಆದ್ರೂ ನೋಡ್ತಿರ್ತಾಳೆ. ಮೊದಲ ದಿನ ಎಚ್ಚರ ಇದಾಳೇನೋ ಅಂತ ಮಾತಾಡಿಸ್ದೆ. ಗುಡ್ಡೆ ನನ್ನ ಕಡೆ ತಿರುಗ್ತು. ಉತ್ತರ ಬರ್ಲಿಲ್ಲ." ಅವನು ಜೇಬಿನ ಮೇಲಿದ್ದ ಕೈ ಇಳಿಸಿದ. "ಸೆಖೆ ಅಂತ ಸುಳ್ಳು ಹೇಳ್ದೆ. ನಂಗೆ ಭಯ ಆಗ್ತಿತ್ತು."

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದು ಅದೇ ಮೊದಲು. ತಾನು ಕಾಣದ ಹೊತ್ತಿನಲ್ಲಿ ತನ್ನ ಕಣ್ಣುಗಳು ಏನೇನು ನೋಡಿದವೋ ಎಂದು ಕಣ್ಣಕ್ಕ ಬೆಚ್ಚಿದಳು. ಅವನ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು. ಯಾವುದನ್ನು ಮೊದಲು ತೋರಿಸಬೇಕೆಂದು ತಿಳಿಯಲಿಲ್ಲ.

ಡಾಕ್ಟರಮ್ಮ ಕಣ್ಣಿನ ಹನಿಯ ಸೀಸೆಯೊಂದರ ಕೆಂಪು ಮುಚ್ಚಳ ಎತ್ತಿ ಹಿಡಿದಳು. "ಬಲಗಣ್ಣಲ್ಲಿ ನೋಡಿ. ಯಾವ ಬಣ್ಣ?"

"ಕೆಂಪು."

"ಈಗ ಎಡಗಣ್ಣಲ್ಲಿ."

ಕಣ್ಣಕ್ಕ ಬಲಗಣ್ಣಿಗೆ ಅಂಗೈ ಅಡ್ಡ ಹಿಡಿದಳು. ಮುಚ್ಚಳ ಮಾಸಿದ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅಂಗೈ ತೆಗೆದಳು, ಮತ್ತೆ ಹಿಡಿದಳು. ಕೆಂಪು. ಇಟ್ಟಿಗೆ. ಸಾಸಿವೆಯಷ್ಟು ಚುಕ್ಕೆ ರಕ್ತವಾದದ್ದು ಹೇಗೆಂದು ಅವಳಿಗೆ ಆಗ ಅರ್ಥವಾಯಿತು. ಸಪ್ಪೆ ಕಂಡಿತೆಂದು ಬಣ್ಣದ ಮೇಲೆ ಬಣ್ಣ ಬೆರೆಸುತ್ತ ಹೋಗಿದ್ದಳು.

"ಹೊರಗೆ ಕಾಣೋ ಕಣ್ಣಿಗೆ ಹೆದರ್ಬೇಡಿ," ಎಂದಳು ಡಾಕ್ಟರಮ್ಮ. ಅವಳ ದನಿಯಲ್ಲಿ ಈಗ ಅವಸರವಿತ್ತು. "ಹಿಂದೆ ಒಂದು ನರ ಇದೆ, ಅದು ಅಮುಕಿ ಹೋಗ್ತಿದೆ. ಬಣ್ಣ ಮೊದಲು ಹೋಗುತ್ತೆ, ಆಮೇಲೆ ನೋಟಾನೇ ಹೋಗುತ್ತೆ. ಇವತ್ತೇ ಅಡ್ಮಿಟ್ ಆಗಿ."

ಥೈರಾಯ್ಡ್ ಮಾತ್ರೆ ಮತ್ತೆ ಶುರುವಾಯಿತು. ಮೂರು ದಿನ ಸ್ಟೀರಾಯ್ಡ್ ಡ್ರಿಪ್ ಹಾಕಿದರು. ಬಾಯಿ ಕಹಿ, ನಿದ್ದೆಯಿಲ್ಲ, ಹಾಳು ಹಸಿವು. ಹಗಲೆಲ್ಲ ಹನಿ, ಮಲಗುವ ಮುಂಚೆ ಮುಲಾಮು. ಕಣ್ಣಿನ ಕೆಂಪು ಇಳಿಯಿತು, ಹಿಂದಿನಿಂದ ಒತ್ತುವ ನೋವೂ ಇಳಿಯಿತು. ಎಂಟನೆಯ ದಿನ ಮತ್ತೆ ನೋಡೋಣ, ಬಣ್ಣ ಮರಳದಿದ್ದರೆ ಆಪರೇಶನ್ ಎಂದಿದ್ದರು.

ಏಳನೆಯ ದಿನ ಯಜಮಾನರ ಫೋನ್ ಬಂತು. ಆರುನೂರು ಮುಖಗಳು ಕಣ್ಣಿಲ್ಲದೆ ಕಾಯುತ್ತಿವೆ. "ಎರಡು ದಿನ ನೋಡ್ತೀನಮ್ಮ. ಆಮೇಲೆ ನನ್ನ ಬೈಬೇಡ."

ಹೀಗಾಗಿ ಎಂಟನೆಯ ದಿನ ಡಾಕ್ಟರಮ್ಮ ಬರುವ ಹೊತ್ತಿಗೆ ಕಣ್ಣಕ್ಕ ಒಂದು ತೀರ್ಮಾನಕ್ಕೆ ಬಂದಿದ್ದಳು. ಮುಚ್ಚಳ ಹೇಗೂ ಕೆಂಪೇ. ಕೆಂಪು ಅಂದರಾಯಿತು. ಅವಳ ತಲೆಯೊಳಗೆ ಇಳಿದು ನೋಡುವವರು ಯಾರಿದ್ದಾರೆ?

ಡಾಕ್ಟರಮ್ಮ ಎರಡೂ ಕಣ್ಣಿಗೆ ಸರದಿಯಂತೆ ಟಾರ್ಚು ಬಿಟ್ಟು ಹುಬ್ಬು ಗಂಟಿಕ್ಕಿದಳು. "ಸುಧಾರಿಸಿದ ಹಾಗೂ ಇದೆ, ಇಲ್ಲದ ಹಾಗೂ ಇದೆ. ನೀವು ಬಣ್ಣ ಬಲ್ಲೋರು, ನೀವೇ ಹೇಳಿ. ಎಡಗಣ್ಣಲ್ಲಿ?"

ಇಟ್ಟಿಗೆ. ಇನ್ನೂ ಸ್ವಲ್ಪ ಮಾಸಿದ ಇಟ್ಟಿಗೆ.

ನಾಲಿಗೆಯ ತುದಿಗೆ ಸುಳ್ಳು ಬಂದು ಕೂತಿತ್ತು. ಧೈರ್ಯಕ್ಕೆಂದು ಅಂಗೈ ಇಳಿಸಿ, ಬಾಗಿಲಲ್ಲಿದ್ದ ಗಂಡನ ಕಡೆ ನೋಡಿದಳು. ಅಲ್ಲಿ ಇಬ್ಬರಿದ್ದರು. ನಾಲ್ಕು ದಿನದಿಂದ ಎಲ್ಲವೂ ಹೀಗೇ ಎರಡೆರಡಾಗಿ ಕಾಣುತ್ತಿತ್ತು, ಡಾಕ್ಟರಮ್ಮನಿಗೂ ಅದು ಗೊತ್ತಿತ್ತು. ಒಬ್ಬ ಗಂಡ ನೆಲದ ಮೇಲೆ ನಿಂತಿದ್ದ. ಇನ್ನೊಬ್ಬ ಅವನ ಹೆಗಲ ಮೇಲಿಂದ ಓರೆಯಾಗಿ ಎದ್ದು, ಗಾಳಿಯಲ್ಲಿ ತೇಲುತ್ತಿದ್ದ. ಅವನು ಎಡಗಣ್ಣಿಗೆ ಕಂಡವನು, ಅವನ ಶರ್ಟಿಗೆ ಬಣ್ಣವಿರಲಿಲ್ಲ, ಮುಖಕ್ಕೂ ಇರಲಿಲ್ಲ. ಹೀಗೆ ಒಂದು ದಿನ ಈ ಮೇಲಿನವನು ಪೂರ್ತಿ ಅಳಿಸಿ ಹೋಗುತ್ತಾನೆ, ಬಲಗಣ್ಣಿಗೂ ಇದೇ ಗತಿಯಾದರೆ ಕೆಳಗಿನವನೂ ಹೋಗುತ್ತಾನೆ. ಆಮೇಲೆ ಆರುನೂರು ಗೊಂಬೆ ಇಟ್ಟುಕೊಂಡು ಏನು ಮಾಡಲಿ ಎಂದು ಅವಳಿಗೆ ಅಳು ಬಂತು.

"ಕೆಂಪಿಲ್ಲ ಡಾಕ್ಟ್ರೇ," ಎಂದಳು. "ಬೂದಿಗೆ ಒಂದು ಹನಿ ಕೆಂಪು ಹಾಕಿದ ಹಾಗಿದೆ. ಹೋದ ವಾರಕ್ಕಿಂತ ಕಮ್ಮಿ."

ಡಾಕ್ಟರಮ್ಮ ಮುಚ್ಚಳವನ್ನು ಜೇಬಿಗೆ ಹಾಕಿಕೊಂಡಳು. ನಾಳೆ ಬೆಳಿಗ್ಗೆಯೇ ಆಪರೇಶನ್ ಎಂದಳು. ಕಣ್ಣಿನ ಗೂಡಿನ ಗೋಡೆಯ ಮೂಳೆ ಒಂದಿಷ್ಟು ತೆಗೆದು ಜಾಗ ಮಾಡುವುದು, ನರಕ್ಕೆ ಉಸಿರಾಡಲು ಬಿಡುವುದು. ಎರಡೆರಡು ಕಾಣುವುದಕ್ಕೆ ಸದ್ಯಕ್ಕೆ ಕನ್ನಡಕದಲ್ಲಿ ಎರಡನ್ನೂ ಒಂದಾಗಿಸುವ ಪಟ್ಟಕದ ಗಾಜು. ಕಾಯಿಲೆ ತಣ್ಣಗಾಗಿ ಆರು ತಿಂಗಳು ಕಳೆದ ಮೇಲೆ ಬೇಕಿದ್ದರೆ ಮಾಂಸಖಂಡ ಸರಿಪಡಿಸುವುದು, ಕೊನೆಗೆ ರೆಪ್ಪೆ.

"ಬಣ್ಣ ವಾಪಸ್ ಬರುತ್ತಾ?"

"ಬರಬಹುದು. ಮಾತು ಕೊಡೋಕಾಗಲ್ಲ. ನೀವು ಸುಳ್ಳು ಹೇಳಿದ್ದಿದ್ರೆ ಮಾತ್ರ ಖಂಡಿತ ಬರ್ತಿರ್ಲಿಲ್ಲ."

ಅವಳಿಗೆ ಹೇಗೆ ಗೊತ್ತಾಯಿತೋ! ಕಣ್ಣಕ್ಕ ಯಜಮಾನರಿಗೆ ಫೋನ್ ಮಾಡಿ, ಸ್ಟಿಕರ್ ತರಿಸ್ಕೊಳ್ಳಿ ಎಂದು ಹೇಳಿ, ಅವರು ಬಾಯಿ ತೆಗೆಯುವ ಮುಂಚೆಯೇ ಇಟ್ಟುಬಿಟ್ಟಳು.

ಮಧ್ಯಾಹ್ನ ನರ್ಸ್ ಬಂದು, ಮಲಗಿದಾಗ ಕಣ್ಣು ಒಣಗದ ಹಾಗೆ ರೆಪ್ಪೆಗೆ ಕಾಗದದ ಟೇಪು ಅಂಟಿಸಬೇಕು, ಮನೆಯವರೇ ಕಲಿತುಕೊಳ್ಳಿ ಎಂದು ಟೇಪಿನ ಸುರುಳಿಯನ್ನು ಗಂಡನ ಕೈಗೆ ಕೊಟ್ಟು ಹೋದಳು. ಎಂಟು ದಿನದಿಂದ ಸಿಗರೇಟು ಮುಟ್ಟದೆ ಅವನ ಬೆರಳುಗಳು ಚಡಪಡಿಸುತ್ತಿದ್ದವು. ಮುಲಾಮು ಹಾಕಿದ. ಹೆಬ್ಬೆರಳಿನಿಂದ ಎಡಗಣ್ಣಿನ ರೆಪ್ಪೆಯನ್ನು ಕೆಳಗೆಳೆದು ತಡೆದ.

"ಅಮ್ಮ ಹೋದಾಗ ಹೀಗೇ ಕಣ್ಣು ಮುಚ್ಚಿದ್ದೆ," ಎಂದ.

"ಥೂ, ಅಪಶಕುನ! ನಾನಿನ್ನೂ ಇದೀನ್ರೀ. ನೆಟ್ಟಗೆ ಅಂಟಿಸಿ."

ಅವನು ನಕ್ಕನೋ ಅತ್ತನೋ, ಮುಲಾಮಿನ ಮಬ್ಬಿನಲ್ಲಿ ಕಾಣುವ ಹಾಗಿರಲಿಲ್ಲ. ಎಡಗಣ್ಣು ಮುಚ್ಚಿತು, ಆಮೇಲೆ ಬಲಗಣ್ಣು. ಕತ್ತಲೆಯಲ್ಲಿ ಅವನ ಉಸಿರು ಅವಳ ಮುಖಕ್ಕೆ ಬಹಳ ಹತ್ತಿರದಲ್ಲಿತ್ತು.

"ಈಗ ಹೇಗೆ ಕಾಣ್ತೀನಿ?"

"ನಿದ್ದೆ ಮಾಡೋರ ಥರ," ಎಂದ.

ಕುರ್ಚಿಯನ್ನು ಮಂಚಕ್ಕೆ ಎಳೆದುಕೊಂಡ ಸದ್ದಾಯಿತು. ಅವಳು ಮಿಸುಕಾಡದೆ ಮಲಗಿದಳು. ಸ್ವಲ್ಪ ಹೊತ್ತಿಗೆ ಮಂಚದ ಅಂಚಿಗೆ ಅವನ ತಲೆಯ ಭಾರ ಬಂದು ಒರಗಿತು. ಎರಡು ತಿಂಗಳಿಂದ ಬಾಕಿ ಉಳಿದಿದ್ದ ಗೊರಕೆ ನಿಧಾನವಾಗಿ ಎದ್ದಿತು. ಕಣ್ಣಕ್ಕನಿಗೆ ನಿದ್ದೆ ಬರಲಿಲ್ಲ. ಟೇಪಿನ ಕೆಳಗೆ ಅವಳ ಎರಡೂ ಕಣ್ಣುಗಳು ಮೆಲ್ಲಗೆ ಆ ಸದ್ದಿನ ಕಡೆಗೆ ತಿರುಗಿ, ಅಲ್ಲೇ ನಿಂತವು.