ಬಾಗಿಲ ಮೇಲಿನ ಕಲ್ಲು

ಲಿಂಗಸುಗೂರಿನ ಬ್ಯಾಂಕಿನಲ್ಲಿ ಸಾಲ ಸಿಗುವುದೆಂದು ನಂಬಿಯೇ ನಾನು ಹೋಗಿದ್ದೆ. ಸಿಂಧನೂರಿನಲ್ಲಿ ನನ್ನದೊಂದು ನಾಲ್ಕು ಖೋಲಿಗಳ ಮನೆಯಿತ್ತು. ಕಾಲುವೆ ಬಂದ ಮೇಲೆ ಓವರ್‌ಸಿಯರುಗಳು, ಆಂಧ್ರದ ರೈತರು ಬಾಡಿಗೆಗೆ ಮುಗಿಬೀಳುತ್ತಿದ್ದರು. ಹಿತ್ತಲಲ್ಲಿ ಇನ್ನೆರಡು ಖೋಲಿ ಕಟ್ಟಲು ಮನೆಯನ್ನೇ ಅಡವಿಡುವೆನೆಂದು ಅರ್ಜಿ ಕೊಟ್ಟು, ಪಾಯ ತೋಡಿಸಿದ್ದೆ. ಹೆಂಡತಿ ಯಮನೂರಮ್ಮ ತೀರಿಕೊಂಡ ಮೇಲೆ ನನಗೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ಏನಾದರೂ ಕಟ್ಟಿಸುತ್ತಿದ್ದರೆ ದಿನ ಹೋಗುತ್ತಿತ್ತು.

ಮ್ಯಾನೇಜರು ನನ್ನ ಕಾಗದಗಳನ್ನು ಮಡಚಿ ಮುಂದೆ ಸರಿಸಿದರು.

"ಆಗೂದಿಲ್ರೀ ಗ್ಯಾನಪ್ಪನವರ."

"ಯಾಕ್ರೀ? ಬಾಡಿಗಿ ಒಂದು ತಿಂಗಳೂ ನಿಂತಿಲ್ಲ."

"ನಮ್ಮವರು ಮನಿ ನೋಡಿ ಬಂದಾರ. ನಾಲ್ಕನೇ ಖೋಲಿ ಬಾಗಿಲ ಮ್ಯಾಲ 'ಧರ್ಮಕ್ಕೆ ಬಿಟ್ಟದ್ದು' ಅಂತ ಕಲ್ಲು ಕೆತ್ತಿಸೀರಿ. ಅಂಥಾ ಆಸ್ತಿ ಅಡವು ಹಿಡಿಯಾಕ ಬರೂದಿಲ್ಲ. ನಾಲ್ಕೂ ಖೋಲಿಗೆ ಹಕ್ಕುಪತ್ರ ಒಂದ ಐತಿ."

"ಅದು ಕಲ್ಲಿನ ಮ್ಯಾಲಿನ ಮಾತ್ರೀ. ಕಾಗದದಾಗ ಇಲ್ಲ."

"ಹಂಗಾದ್ರ ಕಲ್ಲು ತೆಗಸ್ರಿ, ಖೋಲಿ ಬಾಡಿಗಿಗೆ ಕೊಡ್ರಿ. ಆಮ್ಯಾಲ ಬರ್ರಿ."

ನಮ್ಮೂರ ದವಾಖಾನೆಗೆ ಬಂದ ಹಳ್ಳಿಯವರು ಅಲ್ಲಿನ ಬೇವಿನ ಗಿಡದ ಕೆಳಗೆ ಮಲಗುವುದನ್ನು ನೋಡಿ ನೋಡಿ, ಸಾಯುವ ಮುಂಚೆ ಯಮನೂರಮ್ಮ ಅವರಿಗೆಂದು ಆ ಖೋಲಿ ಕೇಳಿದ್ದಳು. ಕೊಟ್ಟೆನೆಂದು ನಾನೇ ಕಲ್ಲು ಹಾಕಿಸಿದ್ದೆ.

ಬರುವಾಗ ಬಸ್ಸಿನಲ್ಲಿ ಕೂಡಲಾಗದೆ ಮಸ್ಕಿಯಲ್ಲಿ ಇಳಿದುಬಿಟ್ಟೆ. ಗುಡ್ಡದವರೆಗೆ ನಡೆದೆ, ತಿರುಗಿ ಬಂದೆ, ಮತ್ತೆ ನಡೆದೆ. ಬಾಯಲ್ಲಿ ಶಿವನಾಮವಿತ್ತು, ಕಾಲು ನಿಲ್ಲಲಿಲ್ಲ. ಎರಡು ಬಸ್ಸು ಬಿಟ್ಟು ಮೂರನೆಯದನ್ನು ಹತ್ತುವಾಗ, ಕಲ್ಲು ತೆಗೆಸುವುದೆಂದು ಗಟ್ಟಿ ಮಾಡಿಕೊಂಡೆ.

ಮರುದಿನ ಬೆಳಿಗ್ಗೆ ಅಮೀನ್‌ಸಾಬ್ ಚಾಣ, ಸುತ್ತಿಗೆ ಹಿಡಿದು ಬಂದ. ಕಲ್ಲು ಕೆತ್ತಿದವನೂ ಅವನೇ.

"ಕೆತ್ತಾಕ ಮೂರು ದಿನ ಹಿಡದಿತ್ತಣ್ಣ. ಅಳಸಾಕ ಒಂದು ಚಹಾ ಕುಡಿಯೂವಷ್ಟು ಹೊತ್ತು ಸಾಕು. ಕೂಲಿ ಮಾತ್ರ ಮೂರು ದಿನದ್ದ ಕೊಡಬೇಕು ನೋಡು."

"ಮೊದಲು ಏಣಿ ಹತ್ತಲೇ."

ಮೊದಲ ಏಟಿಗೇ ಒಂದು ಅಕ್ಷರದ ಅಂಚು ಚಕ್ಕೆಯೆದ್ದು ಹೊಸ್ತಿಲ ಮೇಲೆ ಬಿತ್ತು. ಸದ್ದಿಗೆ ಆ ಖೋಲಿಯಲ್ಲಿ ತಂಗಿದ್ದ ವಳಕಮದಿನ್ನಿಯ ಆದೆಮ್ಮ ಹೊರಗೆ ಬಂದಳು. ಅವಳ ಅತ್ತೆ ದವಾಖಾನೆಯಲ್ಲಿದ್ದಳು. ಏಣಿ ನೋಡಿದಳು, ನನ್ನನ್ನು ನೋಡಿದಳು. ಒಳಗೆ ಹೋಗಿ ಗಂಟು ಕಟ್ಟತೊಡಗಿದಳು.

"ಯಾಕಬೇ, ಎಲ್ಲಿಗೆ ಹೊಂಟಿ?" ಎಂದೆ.

"ಗಿಡದ ಕೆಳಗ ಜಾಗ ಐತ್ರೀ ಯಪ್ಪಾ. ಅತ್ತಿ ಹೊಲಿಗಿ ಬಿಚ್ಚಾಕ ಇನ್ನ ನಾಕ ದಿನ."

ಅವಳು ಯಮನೂರಮ್ಮನನ್ನು ನೋಡಿದವಳೇ ಅಲ್ಲ. ಆದರೂ ಅದೇ ಗಿಡದ ಮಾತು ಕೇಳಿ ನನಗೆ ತಲೆ ಎತ್ತಲಾಗಲಿಲ್ಲ.

"ಗಂಟು ಬಿಚ್ಚವ್ವಾ," ಎಂದೆ. "ಅಮೀನ್‌ಸಾಬ್, ನೀ ಇಳಿ."

"ಇಳದ್ರೂ ಕೂಲಿ ಪೂರಾ ಅಣ್ಣ."

"ಕೊಡ್ತೀನಿ. ಹಿತ್ತಲಾಗ ಪಾಯ ಐತಲ್ಲ, ಅದನ್ನ ಮುಚ್ಚೂಣು ನಡಿ."

ಅವನು ಚಾಣವನ್ನು ಚೀಲಕ್ಕೆ ಹಾಕಿ ಸಲಿಕೆ ಕೇಳಿದ. ನಾನು ಬುಟ್ಟಿ ತಂದೆ. ಹೊತ್ತು ಮುಳುಗುವವರೆಗೆ ಇಬ್ಬರೂ ಮಣ್ಣು ಎಳೆದೆವು. ಆ ದಿನವೂ ನಾನು ಕೂಡಲಿಲ್ಲ.